ಮೂರು ತಿಂಗಳ ಕುರ್ಚಿ, ಒಂದು ಕುಂಚಿಗೆ

ಟೈಪಿಂಗ್ ಪರೀಕ್ಷೆ ಪಾಸಾಗಿ ಎಂಪ್ಲಾಯ್‌ಮೆಂಟ್ ಆಫೀಸಿನಲ್ಲಿ ಹೆಸರು ಹಚ್ಚಿದ ಮೇಲೆ, ಬಾಗಲಕೋಟೆಯ ಮನೆಯಲ್ಲಿ ಕೂತು ಅಂಚೆಯವನ ದಾರಿ ಕಾಯುವುದೇ ನನ್ನ ಉದ್ಯೋಗವಾಯಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಫೀಸಿನಿಂದ ಕಾರ್ಡು ಬಂದರೆ ರಜೆ ಹಾಕಿದವರ ಜಾಗಕ್ಕೆ ಹೋಗಬೇಕು, ಅವರು ಮರಳಿದ ದಿನ ಎದ್ದು ಬರಬೇಕು. ಬಾದಾಮಿಯಲ್ಲಿ ಒಬ್ಬರ ಕಾಮಾಲೆ, ಹುನಗುಂದದಲ್ಲಿ ಇನ್ನೊಬ್ಬರ ಮುರಿದ ಕಾಲು. ಕಂಡವರ ಕಷ್ಟದ ಮೇಲೆ ನನ್ನ ರೊಟ್ಟಿ ನಡೆದಿತ್ತು.

ಇಳಕಲ್ಲಿಗೆ ಹೋದದ್ದು ಟೈಪಿಸ್ಟ್ ಒಬ್ಬರ ಹೆರಿಗೆ ರಜೆಗೆ. ಮೂರು ತಿಂಗಳು. ಹೆಡ್ ಕ್ಲಾರ್ಕರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರನ್ನು ಪೆನ್ಸಿಲಿನಿಂದ ಬರೆದರು. ಅಳಿಸಲು ಸುಲಭವಲ್ಲವೇ! ಆದರೆ ಆ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. "ಟೆಂಪರರಿ ಬಾಯಾರ, ಇದೊಂದ ಹೊಡದ ಕೊಡ್ರಿ" ಎನ್ನುತ್ತಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಮನೆಗೆ ಹೋದರೆ ನಾನೊಬ್ಬಳೇ ಟೈಪ್‌ರೈಟರಿನ ಎದುರು ಬುತ್ತಿ ಬಿಚ್ಚುತ್ತಿದ್ದೆ. ಭಾನುವಾರ ಬಸ್ ಸ್ಟ್ಯಾಂಡಿಗೆ ಹೋಗಿ, ಹುನಗುಂದದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ನನ್ನ ಬಾಡಿಗೆ ಕೋಣೆಗೆ ಮರಳುತ್ತಿದ್ದೆ. ಹುನಗುಂದದಲ್ಲಿ ನನಗೇನೂ ಕೆಲಸವಿರಲಿಲ್ಲ. ಯಾರೊಂದಿಗಾದರೂ ಒಂದು ಮಾತು ಆಡಬೇಕಿತ್ತು, ಅಷ್ಟೇ.

ಮೇಜಿನ ಡ್ರಾಯರಿನಲ್ಲಿ ಒಂದು ಖಣದ ಬಟ್ಟೆ ಸಿಕ್ಕಿತು. ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆಗೆಂದು ಆ ಟೈಪಿಸ್ಟ್ ಕತ್ತರಿಸಿ, ಅರ್ಧ ಹೊಲಿದು ಬಿಟ್ಟು ಹೋಗಿದ್ದರು. ಅದೇ ವಾರ ಹೆಡ್ ಕ್ಲಾರ್ಕರು ನನ್ನ ಹತ್ತಿರ ಬಂದು, "ನೌಕರಿ ಬಿಡು ಅಂತ ಆ ಟೈಪಿಸ್ಟ್ ಬಾಯಾರ ಅತ್ತಿ ಗಂಟ ಬಿದ್ದಾರಂತ. ಬಿಟ್ರ ಸಾಹೇಬ್ರು ನಿಮ್ಮನ್ನ ಮುಂದುವರಿಸ್ತಾರ ನೋಡ್ರಿ" ಎಂದರು.

ಅಂದಿನಿಂದ, ಮುಖವನ್ನೂ ಕಾಣದ ಆ ಅತ್ತೆಯ ಪಕ್ಷ ಸೇರಿಬಿಟ್ಟೆ. ಅತ್ತೆಯ ಹಟ ಗೆಲ್ಲಲಿ, ಸೊಸೆ ಮರಳಿ ಬರದಿರಲಿ, ಈ ಕುರ್ಚಿ ನನಗಾಗಲಿ ಎಂದು ದಿನವೂ ಬಯಸಿದೆ. ಬಯಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಆ ನಾಚಿಕೆಗೇ ಇರಬೇಕು, ಮಧ್ಯಾಹ್ನದ ಬಿಡುವಿನಲ್ಲಿ ಕೂತು ಆ ಕುಂಚಿಗೆಯನ್ನು ಹೊಲಿದು ಮುಗಿಸಿದೆ. ಅಂಚಿಗೆ ಹಸಿರು ದಾರದಿಂದ ಸಣ್ಣ ಸಣ್ಣ ಗಿಳಿ ಹಾಕಿದೆ.

ಮೂರು ತಿಂಗಳು ತುಂಬಿದ ದಿನ ಆಕೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದರು. ಕೈಯಲ್ಲಿ ಮಡಿಸಿದ ಕಾಗದವಿತ್ತು. ರಾಜೀನಾಮೆಯೇ ಇರಬೇಕು ಎಂದುಕೊಂಡೆ.

"ಹಾಜರಾಗಾಕ ಬಂದೀನ್ರಿ" ಎಂದು ಅದನ್ನು ಹೆಡ್ ಕ್ಲಾರ್ಕರಿಗೆ ಕೊಟ್ಟು ನನ್ನ ಕಡೆ ತಿರುಗಿದರು. "ಮನ್ಯಾಗ ಭಾಳ ಗುದ್ದಾಡಿ ಬಂದೀನ್ರಿ. ನಂದು ಅಂತ ಇರೂದು ಇದೊಂದ ಕುರ್ಚಿ."

ನಾನು ಎದ್ದೆ. ಡ್ರಾಯರಿನಿಂದ ಕುಂಚಿಗೆ ತೆಗೆದುಕೊಟ್ಟೆ. ಆಕೆ ಗಿಳಿಗಳ ಮೇಲೆ ಬೆರಳಾಡಿಸಿ ಕೂಸಿನ ತಲೆಗೆ ಹಾಕಿದರು. ಅದು ಕಿವಿಯ ಮೇಲೆಯೇ ನಿಂತಿತು.

"ತೆಲಿ ದೊಡ್ಡದಾಗೇತ್ರಿ ಇವಂದು!" ಎಂದು ನಕ್ಕು, ಮಡಿಸಿ ನನ್ನ ಕೈಗೇ ಇಟ್ಟರು. "ಎಷ್ಟ ಚೆಂದ ಹೊಲದೀರಿ. ನಿಮ್ಮ ಕೂಸಿಗಿ ಇಟ್ಕೋರಿ."

ಇನ್ನೂ ಮದುವೆಯಾಗದ ನಾನೂ ನಕ್ಕೆ. ಹೆಡ್ ಕ್ಲಾರ್ಕರು ಹಾಜರಿ ಪುಸ್ತಕಕ್ಕೆ ರಬ್ಬರ್ ತಿಕ್ಕಿ, ಪುಡಿ ಊದಿದರು.

ಆಮೇಲೂ ವರ್ಷಗಟ್ಟಲೆ ಕಾರ್ಡು ಬಂದವು, ಊರು ಬದಲಾದವು. ಹೋದಲ್ಲೆಲ್ಲ ಟ್ರಂಕಿನ ತಳದಲ್ಲಿ ಆ ಕುಂಚಿಗೆ ಇರುತ್ತಿತ್ತು. ಈಗಲೂ ಇದೆ, ಹೊಸದಿದ್ದ ಹಾಗೆಯೇ.