ವಾಲ್ವ್ ಸೆಟ್ಟಿನ ಸರಸರ

ಆಂಪ್ಲಿಫೈಯರ್ ಸರಿಯಾಗಿತ್ತು. ಸ್ಪೀಕರ್ ಪೆಟ್ಟಿಗೆಗಳೂ ಸರಿಯಾಗಿದ್ದವು. ಸರಸರ ಅನ್ನುತ್ತಿದ್ದದ್ದು ನಮ್ಮ ರೇಷ್ಮೆ ಹುಳ. ನಡೆದದ್ದು ಇಷ್ಟೇ. ಇಷ್ಟಕ್ಕೆ ನಮ್ಮ ಯಜಮಾನರು ಆ ಭಾರದ ಸೆಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರಕ್ಕೆ ಹೋಗಿ ಬಂದರು.

ಅವರು ಬಸ್ಸಿನ ಡ್ರೈವರಾಗಿದ್ದವರು. ಜೀವಮಾನವೆಲ್ಲ ಇಂಜಿನ್ನಿನ ಪಕ್ಕ ಕೂತರು, ಮನೆಗೆ ಬಂದರೆ ನಿದ್ದೆ. ರಿಟೈರಾದ ಮೇಲೆ ಭೀಮನಬೀಡಿನ ಮನೆಯಲ್ಲಿ ಹಗಲೆಲ್ಲ ಕೂರುವುದಕ್ಕೆ ಶುರುಮಾಡಿದರು. ತಮಗೆ ಅಂತ ಅವರು ಕೇಳಿದ್ದು ಒಂದೇ. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ಹೋಟೆಲಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಾಗೆ, ವಾಲ್ವ್ ಸೆಟ್ಟಿನಲ್ಲಿ ಹಾಡು ಕೇಳಬೇಕು.

ಚಾಮರಾಜನಗರದ ರಿಪೇರಿಯವನು ಹಳೇ ಸಾಮಾನು ಕೂಡಿಸಿ ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟ. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುವುದಿಲ್ಲ. ವಾಲ್ವ್ ಅನ್ನುವ ಗಾಜಿನ ಬುರುಡೆಗಳ ಒಳಗೆ ಬೂದಿ ಕೆದಕಿದ ಕೆಂಡದ ಹಾಗೆ ಕೆಂಪು ಮೂಡಬೇಕು. ಆಮೇಲೆ ಹಾಡು ಹೊಲದ ಬದುವಿನ ಮೇಲೆ ದೂರದಿಂದ ನಡೆದುಕೊಂಡು ಬರುವ ಹಾಗೆ ಬರುತ್ತದೆ.

ಮೊದಲು ಮಗಳು ಕೊಟ್ಟಿದ್ದ ಸಣ್ಣ ಸ್ಪೀಕರ್‌ಗಳನ್ನು ಸೇರಿಸಿದರು. ಬಾಯಿಗೆ ಕಂಬಳಿ ಮುಚ್ಚಿ ಹಾಡಿದ ಹಾಗಿತ್ತು. ಇವಕ್ಕೆ ಶಕ್ತಿ ಜಾಸ್ತಿ ಬೇಕು, ವಾಲ್ವ್ ಸೆಟ್ಟಿಗೆ ಅಷ್ಟು ಶಕ್ತಿಯಿಲ್ಲ, ಹಗುರವಾದ ಕಾಗದದ ದೊಡ್ಡ ಸ್ಪೀಕರೇ ಆಗಬೇಕು ಅಂತ ರಿಪೇರಿಯವನು ಹೇಳಿದನಂತೆ. ಯಜಮಾನರು ಹುಡುಕಾಡಿ, ಮುಚ್ಚಿಹೋದ ಟೆಂಟ್ ಸಿನಿಮಾದ ಎರಡು ಮರದ ಪೆಟ್ಟಿಗೆ ತಂದರು. ಒಂದೊಂದೂ ನನ್ನ ಎದೆಯೆತ್ತರ. ಸೆಟ್ಟಿನ ಹಿಂದೆ, ಸ್ಪೀಕರಿನ ಓಮ್ ನಂಬರಿಗೆ ತಕ್ಕ ಹಾಗೆ, ನಾಲ್ಕು, ಎಂಟು, ಹದಿನಾರು ಅಂತ ಬರೆದ ತಿರುಪುಗಳಿದ್ದವು. ಪೆಟ್ಟಿಗೆಯ ನಂಬರು ಹದಿನಾರು. ತಂತಿಯನ್ನು ಅಲ್ಲಿಗೇ ಬಿಗಿದರು. ಹಾಡು ಹಜಾರದ ತುಂಬ ನಿಂತಿತು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವಳು ಕುಡುಗೋಲು ಕೆಳಗಿಟ್ಟು ಕೇಳಿದೆ ಅನ್ನುವುದು ನಿಜ.

ಆದರೆ ಹಾಡು ಮುಗಿದ ಮೇಲೆ ಯಜಮಾನರ ಮುಖ ಗಂಟಾಗುತ್ತಿತ್ತು.

"ಒಳ್ಗೇನೋ ಸರಸರ ಅಂತದೆ, ಕೇಳಮ್ಮಿ."

ನನಗೇನೂ ಕೇಳಿಸಲಿಲ್ಲ. ಹಾಗೇ ಹೇಳಿದೆ.

"ನಿನ್ ಕಿವಿಗೆ ವಯಸ್ಸಾಯ್ತು ಕಣಮ್ಮಿ."

"ನಿಮ್ ಕಿವಿಗೆ ಈಗ ಪ್ರಾಯ ಬಂತಾ?"

ಈ ಪೆಟ್ಟಿಗೆಗಳು ಪಿಸುಮಾತನ್ನೂ ಬಿಡುವುದಿಲ್ಲ, ಸೆಟ್ಟಿನೊಳಗೆ ಸಣ್ಣ ಸದ್ದಿದ್ದರೂ ಎತ್ತಿ ತೋರಿಸುತ್ತವೆ ಅಂತ ರಿಪೇರಿಯವನು ಫೋನಿನಲ್ಲಿ ಹೇಳಿದ. ಅದೂ ನಿಜವೇ ಅಂತೆ. ಯಜಮಾನರು ಸೆಟ್ಟು ಹೊತ್ತು ಹೋದರು, ಒಂದು ವಾಲ್ವ್ ಬದಲಾಯಿಸಿ ತಂದರು, ಸದ್ದು ನಿಂತಿತು. ಮನುಷ್ಯ ಮದುವೆ ಗಂಡಿನ ಹಾಗೆ ಓಡಾಡಿದರು. ಆಗ ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಚರ್ಮ ಬಿಡುವ ಹೊತ್ತು. ಆಗ ಮೇಯುವುದಿಲ್ಲ, ಅಲುಗುವುದೂ ಇಲ್ಲ. ಜ್ವರದಿಂದ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸರಸರ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಎರಡನ್ನೂ ಸೇರಿಸಿ ನೋಡುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹುಳದ ತಟ್ಟೆಗೂ ಪೆಟ್ಟಿಗೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ.

ಈ ಸೆಟ್ಟಿಗೂ ಪೆಟ್ಟಿಗೆಗೂ ಹೊಂದುವುದಿಲ್ಲ ಅಂತ ಅವರು ಕೈಚೆಲ್ಲಿದರು. ಇಂಥದೇ ಪೆಟ್ಟಿಗೆ ಹುಡುಕುತ್ತಿದ್ದ ಕೇರಳದ ಬತ್ತೇರಿ ಕಡೆಯವನೊಬ್ಬನಿಗೆ, ನಾಳೆ ಬಂದು ತೆಗೆದುಕೊಂಡು ಹೋಗು ಅಂದರು. ಇಂಥ ಜೋಡಿ ಇನ್ನೊಂದು ಸಿಗುವುದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂದರು.

ಅವತ್ತು ಮಧ್ಯಾಹ್ನ ಕೊನೆಯ ಸಲ ಅಂತ ಹಾಡು ಹಾಕಿದರು. ನಾನು ಹುಳಕ್ಕೆ ಸೊಪ್ಪು ಹಾಕಿ ಬಂದು ಕಂಬಕ್ಕೆ ಒರಗಿದೆ. ಹಜಾರದ ತುಂಬ ಹಸಿ ಸೊಪ್ಪಿನ ವಾಸನೆ. ಹೆಂಚಿನ ಸಂದಿನಿಂದ ಬಿಸಿಲು ಕೋಲಿನ ಹಾಗೆ ಇಳಿದಿತ್ತು, ಅದರೊಳಗೆ ದೂಳು ಹಾಡಿನ ಜೊತೆ ತೇಲುತ್ತಿತ್ತು. ನನಗೆ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ವಾಲ್ವ್ ಸೆಟ್ಟು ಒಂದೇ ಸಲಕ್ಕೆ ಸಾಯುವುದಿಲ್ಲ. ಹಾಡು ನೀರಿನೊಳಗೆ ಇಳಿದುಹೋಗುವ ಹಾಗೆ ಸಣ್ಣಗಾಯಿತು, ಕೆಂಪು ಕಂದಿ ಕಂದಿ ಗಾಜು ಬರೀ ಗಾಜಾಯಿತು. ನಾವಿಬ್ಬರೂ ಏಳಲಿಲ್ಲ. ಎಲ್ಲೋ ಸೋನೆ ಹಿಡಿದ ಹಾಗೆ, ಅದು ನಮ್ಮ ಹೆಂಚಿನ ಮೇಲೆ ಬೀಳದ ಹಾಗೆ, ಸರಸರ ಸದ್ದು ಮಾತ್ರ ಉಳಿದಿತ್ತು. ಆಗ ನನಗೂ ಕೇಳಿಸಿತು. ದಿನಾ ಕೇಳಿ ಕೇಳಿ ನನ್ನ ಕಿವಿ ಅದನ್ನು ಬಿಟ್ಟೇಬಿಟ್ಟಿತ್ತು.

ಕರೆಂಟಿಲ್ಲವಲ್ಲ, ಮತ್ತೆ ಇದೇನು ಅಂದರು ಯಜಮಾನರು.

"ಉಳ ಮೇಯ್ತಾವೆ ಕಣ್ರೀ."

ಎದ್ದು ಹೋಗಿ ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನಿಂತರು.

"ಇಷ್ಟೊರ್ಸ ಈ ಸದ್ದು ಎಲ್ಲಿತ್ತಮ್ಮಿ?"

"ನೀವ್ ಎಲ್ಲಿದ್ರಿ?" ಅಂದೆ.

ಹುಳ ಗೂಡು ಕಟ್ಟುವ ತನಕ ಸದ್ದು ಇದ್ದೇ ಇರುತ್ತದೆ, ಇರಲಿ ಅಂದರು. ಪೆಟ್ಟಿಗೆ ಇಟ್ಟುಕೊಳ್ಳುವ ಆಸೆ ಮುಖದಲ್ಲೇ ಇತ್ತು. ಆದರೆ ಕೊಡುತ್ತೇನೆ ಅಂತ ಮಾತು ಕೊಟ್ಟಾಗಿತ್ತು, ಹೊರಟ ಬಸ್ಸನ್ನು ಹಿಂದಕ್ಕೆ ತಿರುಗಿಸಿದವರಲ್ಲ. ರಾತ್ರಿ ಉಣ್ಣದೆ ಮಲಗಿದರು.

ಮಾರನೆ ಬೆಳಿಗ್ಗೆ ಅವರು ಆ ಮನುಷ್ಯನಿಗೆ ಮುಖ ತೋರಿಸಲಾರದೆ ಸೊಪ್ಪು ಕುಯ್ಯುವ ನೆಪದಲ್ಲಿ ತೋಟಕ್ಕೆ ಹೋದರು. ಅವರ ಮೊಬೈಲು ಗೋಡೆಯ ಗೂಡಿನಲ್ಲೇ ಇತ್ತು. ನಾನು ಬತ್ತೇರಿಯವನಿಗೆ ಫೋನು ಹಚ್ಚಿ ಬರಬೇಡಿ ಅಂದೆ. ಏಕೆ, ಸರಿಯಾಗಿ ಹಾಡುವುದಿಲ್ಲವೇ ಅಂತ ಮಲಯಾಳ ಬೆರೆತ ಕನ್ನಡದಲ್ಲಿ ಕೇಳಿದ.

"ಚೆಂದಾಗಿ ಆಡ್ತದೆ. ಅದ್ಕೇ ಕೊಡಾಕಿಲ್ಲ" ಅಂದೆ.

ಫೋನಿಟ್ಟು, ಹಿತ್ತಲ ಬಾಗಿಲಲ್ಲಿ ನಿಂತು ಯಜಮಾನರನ್ನು ತಿಂಡಿಗೆ ಕೂಗಿದೆ.