ಮೂರನೆಯ ಭಾಗ

ತಿಪಟೂರಿನ ನಮ್ಮ ತೆಂಗಿನಕಾಯಿ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಕೊಂಡ ಕಾಯಿ ಒಡೆದಾಗ ಕೆಟ್ಟಿದ್ದರೆ ಗಿರಾಕಿಗಳು ಹೋಳು ತಂದು ತೋರಿಸುತ್ತಾರೆ, ನಾವು ಬೇರೆ ಕಾಯಿ ಕೊಡುತ್ತೇವೆ. ಬೆಳಿಗ್ಗೆ ಬೋಣಿ ಮಾಡಿದವರನ್ನಂತೂ ಕೊಸರು ಕೊಡದೆ ಕಳಿಸಿದ ನೆನಪಿಲ್ಲ. ಪುಸ್ತಕದ ವ್ಯಾಪಾರವೂ ಹೀಗೇ ಇರುತ್ತದೆಂದು ನಂಬಿದ್ದು ನನ್ನ ದಡ್ಡತನ.

ನಮ್ಮ ಸೀಮೆಯ ಸೋಬಾನೆ ಪದಗಳನ್ನು ಕಲೆಹಾಕುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ದಂಡಿನಶಿವರದ ನನ್ನ ತವರಿಗೂ ಬಂದಿದ್ದರು. ಅವ್ವನಿಗೆ ಓದು ಬರಹ ಬಾರದು. ಹಸೆಗೆ ಕರೆಯುವ ಪದ, ಹೆಣ್ಣೊಪ್ಪಿಸುವ ಪದ, ನೆನಪಿದ್ದದ್ದನ್ನೆಲ್ಲ ಹಾಡಿದಳು. ಮೇಷ್ಟ್ರು ಮೊಬೈಲಿನಲ್ಲಿ ಹಿಡಿದುಕೊಂಡರು.

"ಮೂರು ಭಾಗ ತರ್ತೀನಿ. ನಿಮ್ಮವ್ವಾರ ಪದ ಮೂರನೇದ್ರಲ್ಲಿ ಬತ್ತವೆ ಕಣಮ್ಮ," ಎಂದರು.

ಮೊದಲ ಭಾಗವನ್ನು ನೇರ ಅಂಗಡಿಗೇ ತಂದರು. "ನಿಮ್ಮ ಕೈಯಿಂದ್ಲೇ ಬೋಣಿ ಆಗ್ಲಿ." ನಾನು ಉಬ್ಬಿಹೋದೆ. ಕೊಂಡೆ, ಪರಿಚಯದ ಹೆಂಗಸರಿಗೂ ಕೊಳ್ಳಿಸಿದೆ. ಎರಡನೆಯದೂ ಹಾಗೇ ಆಯಿತು. ತವರಿಗೆ ಹೋದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ: "ನನ್ ಪದ ಬಂತೇನೇ?"

ಬಂತು. ಆದರೆ ಮೂರನೆಯ ಭಾಗವಾಗಿ ಅಲ್ಲ. ಸಮಗ್ರ ಸಂಪುಟವಂತೆ, ಇಟ್ಟಿಗೆ ದಪ್ಪದ್ದು, ಗಟ್ಟಿ ರಟ್ಟಿನದು. ನಾನು ಕೊಂಡಿದ್ದ ಎರಡು ಭಾಗವೂ ಅದರೊಳಗೇ ಇದ್ದವು, ಅದೂ ತಪ್ಪು ತಿದ್ದಿಸಿಕೊಂಡು, ಕಷ್ಟದ ಪದಗಳಿಗೆ ಅರ್ಥ ಸೇರಿಸಿಕೊಂಡು. ನಮಗೆ ಮಾರಿದ್ದು ಹಾಗಾದರೆ ಕರಡು ಪ್ರತಿಯೇ?

ಮೇಷ್ಟ್ರ ಮನೆಗೇ ಹೋದೆ. "ಮೂರನೇದು ಬಿಡಿಯಾಗಿ ಕೊಡಿ ಸಾರ್."

"ಬಿಡಿ ಹಾಕ್ಸಿಲ್ಲ ಕಣಮ್ಮ. ಈಗ ಎಲ್ರೂ ಎಲ್ಲಾ ಒಂದ್ರಲ್ಲೇ ಕೇಳ್ತಾರೆ."

"ಮೊದ್ಲೇ ಕೊಂಡೋರು ಏನ್ ಮಾಡ್ಬೇಕು?"

"ಹಳೇವನ್ನ ಯಾರಿಗಾದ್ರೂ ಕೊಟ್ ಬುಡಿ."

"ನೀವೇ ವಾಪಸ್ ತಗೊಂಡು, ಅದ್ರ ಬೆಲೆ ಕಳೆದು ಹೊಸದು ಕೊಡಿ."

ಅವರು ನಕ್ಕರು. "ಪುಸ್ತಕ ಏನ್ ತೆಂಗಿನ್ಕಾಯೇನಮ್ಮ?"

ತೆಂಗಿನಕಾಯಿ ಆಗಿದ್ದರೆ ನನಗೆ ನ್ಯಾಯ ಸಿಗುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ ಕೂತಿದ್ದರು ಆ ಮನುಷ್ಯ. ಅವ್ವನ ಹೆಸರಿನಲ್ಲಿ ಒಂದು ಪ್ರತಿ ಕೊಡಬೇಕೆಂದು ಕೂಡ ಅವರಿಗೆ ಹೊಳೆಯಲಿಲ್ಲ. ಬಾಯಿಬಿಟ್ಟು ಕೇಳಲು ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಪೂರ್ತಿ ಬೆಲೆ ತೆತ್ತು ತಂದೆ.

ಮುಂದಿನ ಭಾನುವಾರ ಅವ್ವನ ಪಕ್ಕ ಕೂತು ಅವಳ ಪದಗಳನ್ನು ಓದಿದೆ. ಅವಳು ತುಟಿ ಆಡಿಸುತ್ತ ಕೇಳಿದಳು. ಮುಗಿದ ಮೇಲೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು.

"ಇಷ್ಟ್ ದಪ್ಪದ್ದ ಸುಮ್ನೆ ಕೊಟ್ರಲ್ಲೇ! ಧರ್ಮಾತ್ಮ ಕಣೇ ಮೇಷ್ಟ್ರು."

ಆ ಮುಖ ನೋಡಿ ನಿಜ ಹೇಳಲು ನನ್ನಿಂದಾಗಲಿಲ್ಲ. ಹೂಂ ಎಂದುಬಿಟ್ಟೆ. ಅವ್ವ ಆಗಲೇ ಎದ್ದು, ಹಿತ್ತಲಿನ ಮರದಿಂದ ಮೇಷ್ಟ್ರಿಗೆಂದು ಒಂದು ಗೊನೆ ಎಳನೀರು ಇಳಿಸಲು ಆಳಿಗೆ ಹೇಳುತ್ತಿದ್ದಳು. ಸಂಜೆ ಅದನ್ನು ಅವರ ಬಾಗಿಲಲ್ಲಿ ಇಳಿಸಿ, ಕರೆದರೂ ಒಳಗೆ ಹೋಗದೆ ಬಂದೆ.