ಬಿತ್ತೋರಿಯ ಕೋಳಿಕಾಲು

ಮೊನ್ನೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬಿತ್ತೋರಿ ನೆನಪಾದಳು. ನನಗೀಗ ಎಪ್ಪತ್ಮೂರು. ನನ್ನ ಜೊತೆ ಪಿಲೋಟಾ ಆಡಿದವರಲ್ಲಿ ಅರ್ಧಕ್ಕರ್ಧ ಜನರಿಗೆ ಗುಂಡಿ ಹಾಕಿಕೊಡಲು ಹೆಂಡತಿಯೋ ಸೊಸೆಯೋ ಬೇಕು. ನಾನು ಕುತ್ತಿಗೆಯವರೆಗೂ ನಾನೇ ಹಾಕಿಕೊಳ್ಳುತ್ತೇನೆ. ಇದೇನು ಮಹಾ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ.

ಪಿಲೋಟಾ ಸ್ಪೇನಿನ ಉತ್ತರದ ನಮ್ಮ ಬಾಸ್ಕ್ ಜನರ ಆಟ. ಚರ್ಚಿನ ಪಕ್ಕದ ಎತ್ತರದ ಗೋಡೆಗೆ ಬರಿಗೈಯಲ್ಲಿ ಚೆಂಡು ಬಾರಿಸಬೇಕು. ಉಣ್ಣೆ ದಾರ ಸುತ್ತಿ ಆಡಿನ ಚರ್ಮ ಹೊಲಿದ ಚೆಂಡು ಅದು, ಮುಟ್ಟಿದರೆ ಕಲ್ಲು. ನೂರು ಸಲ ಹೊಡೆದರೆ ಅಂಗೈ ಬನ್ನಿನಂತೆ ಊದುತ್ತದೆ. ಊದಿದ ಕೈಗೆ ಆಗ ನಮ್ಮೂರಲ್ಲಿ ಇದ್ದದ್ದು ಒಂದೇ ಮದ್ದು. ಕೈಯನ್ನು ನೆಲದ ಮೇಲೆ ಹರಡಿ ಇಡುವುದು, ಮನೆಯವರೊಬ್ಬರು ಬೂಟುಗಾಲಲ್ಲಿ ಅದರ ಮೇಲೆ ನಿಲ್ಲುವುದು. ನಗಬೇಡಿ. ಕೆಟ್ಟ ರಕ್ತ ಓಡಿಹೋಗುತ್ತದೆ ಎಂದು ನಂಬಿದ್ದೆವು. ಊತ ಇಳಿಯುತ್ತಲೂ ಇತ್ತು, ಸುಳ್ಳಲ್ಲ.

ನನ್ನ ಕೈ ತುಳಿಯುತ್ತಿದ್ದವನು ನನ್ನಪ್ಪ ಇನಾಶಿಯೋ. ಅವನೂ ತನ್ನ ಕಾಲದಲ್ಲಿ ದೊಡ್ಡ ಆಟಗಾರ. ಅವನ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಸೇಬಿನ ಮದ್ಯದ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಿದ್ದ. ಕೇಳಿದರೆ, "ಆಟ ತನ್ನ ಪಾಲು ತಗೊಂಡಿದೆ ಕಣೋ" ಅನ್ನುತ್ತಿದ್ದ. ನಾನೂ ಅದನ್ನು ದೊಡ್ಡಸ್ತಿಕೆ ಎಂದೇ ತಿಳಿದಿದ್ದೆ, ಪೆದ್ದ.

ಬಿತ್ತೋರಿ ನಮ್ಮೂರ ಕಟುಕನ ಮಗಳು. ಹುಟ್ಟಿದ್ದು ಅಂಗಡಿಯ ಮೇಲಿನ ಕೋಣೆಯಲ್ಲಿ, ಕಳೆದ ಚಳಿಗಾಲ ಸತ್ತದ್ದೂ ಅಲ್ಲೇ. ಹದಿನೇಳಕ್ಕೆ ಅಪ್ಪ ತೀರಿಕೊಂಡಾಗ ಅವನ ಏಪ್ರನ್ ಕಟ್ಟಿಕೊಂಡು ಕತ್ತಿ ಹಿಡಿದಳು. ಊರ ವೈದ್ಯರು ಊರು ಬಿಡುವಾಗ ಅವಳಿಗೊಂದು ಹಳೆಯ ಪುಸ್ತಕ ಕೊಟ್ಟು ಹೋಗಿದ್ದರು, ಪುಟ ಪುಟದಲ್ಲೂ ಮನುಷ್ಯನ ಮೂಳೆ ಮಾಂಸದ ಚಿತ್ರಗಳು. ಅದರ ಲ್ಯಾಟಿನ್ ಹೆಸರುಗಳು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಚಿತ್ರ ಮಾತ್ರ ಒಂದೂ ಹೊಸದಲ್ಲ. "ಇದೇ ಕಣೋ, ಕುರಿ ಭುಜ! ನೆಟ್ಟಗೆ ನಿಲ್ಸಿದಾರೆ ಅಷ್ಟೇ" ಅನ್ನುತ್ತಿದ್ದಳು.

ನನಗೆ ಹತ್ತೊಂಬತ್ತು ಇರಬೇಕು. ಸಾಸೇಜು ತರಲು ಹೋದವನ ಕೈ ಕಂಡು ಅವಳ ಮುಖ ಗಂಟಿಕ್ಕಿತು.

"ಏನೋ ಇದು, ಬೆನ್ಯಾತ್? ಯಾರ ಬೂಟಿನ ಗುರುತು?"

"ಅಪ್ಪಂದು, ಅಕ್ಕ. ರಕ್ತ ಇಳೀಲಿ ಅಂತ."

"ನೀರಿನ ಪೈಪ್ ಮೇಲೆ ಕಾಲಿಟ್ಟು ನಿಂತ್ರೆ ಪೈಪ್ ರಿಪೇರಿ ಆಗತ್ತೇನೋ, ಮಂಕೇ?"

ಅಂದವಳೇ ಒಂದು ಕೋಳಿಯ ಕಾಲನ್ನು ಗಂಟಿನ ಹತ್ತಿರ ಕತ್ತರಿಸಿ, ಅದರೊಳಗಿನ ಬಿಳಿ ಹುರಿಯೊಂದನ್ನು ಚಿಮುಟಿ ಎಳೆದಳು. ಸತ್ತ ಕೋಳಿಯ ಬೆರಳುಗಳು ಗಪ್ಪೆಂದು ಮುಷ್ಟಿ ಕಟ್ಟಿದವು. ನಾನು ಹೌಹಾರಿ ಹಿಂದಕ್ಕೆ ಜಿಗಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ನೋಡ್ದಾ? ಬೆರಳಲ್ಲಿ ಶಕ್ತಿ ಇಲ್ಲ. ಶಕ್ತಿ ಇರೋದು ಇಲ್ಲಿ" ಎಂದು ನನ್ನ ಮೊಣಕೈ ಕೆಳಗಿನ ಮಾಂಸ ಹಿಂಡಿದಳು. "ಹುರಿ ಅಂಗೈ ಮೂಲಕ ಹೋಗತ್ತೆ. ಅದನ್ನೇ ಬೂಟಲ್ಲಿ ಜಜ್ಜಿದ್ರೆ ಆಮೇಲೆ ಯಾವುದನ್ನೋ ಎಳೀತೀಯ?"

ಆ ಚಳಿಗಾಲ ನಾನು ಅವಳ ಕೈಗೆ ಸಿಕ್ಕಿಬಿದ್ದೆ. ಕರುಳು ತೊಳೆದು ಹಿಂಡುವುದು, ಒದ್ದೆ ಗೋಣಿ ಹಿಂಡುವುದು, ಅರ್ಧ ಹಂದಿಯನ್ನು ಹೆಗಲಿಗೇರಿಸಿ ಹಿತ್ತಿಲ ಮೆಟ್ಟಿಲು ಹತ್ತಿ ಇಳಿಯುವುದು. "ಚೆಂಡು ಹೊಡಿಯೋದು ಕೈಯಲ್ಲ, ಸೊಂಟ. ಕೈ ಬರೀ ಕೊನೇಲಿ ಬರೋ ನೆಂಟ" ಎಂದು ಬೈಯುತ್ತಿದ್ದಳು. ಮೆತ್ತನೆ ಚೆಂಡಿನಿಂದ ಶುರು, ತಿಂಗಳಿಗೊಮ್ಮೆ ಒಂದಿಷ್ಟು ಗಟ್ಟಿ. ಎಡಗೈಗೆ ಎರಡು ಪಟ್ಟು ಕೆಲಸ. ಸೋಮವಾರ ಅಂಗಡಿಗೂ ರಜೆ, ನನ್ನ ಕೈಗೂ ರಜೆ. ಅಂದು ಅವಳು ಬಿಸಿನೀರಲ್ಲಿ ನನ್ನ ಕೈ ಅದ್ದಿಸಿ ಹೆಬ್ಬೆರಳಲ್ಲಿ ತಿಕ್ಕುತ್ತಿದ್ದಳು. ಊರವರ ಬಾಯಿಗೆ ಬೀಗವುಂಟೇ? "ಬೆನ್ಯಾತ್‌ನ ಯಾವಾಗ ಸಾಸೇಜ್ ಮಾಡ್ತೀಯಾ ಬಿತ್ತೋರಿ?" ಎಂದು ಕಿಚಾಯಿಸುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ. ನನ್ನ ಕೈ ತುಳಿಯುತ್ತಿದ್ದ ಬೂಟನ್ನು ಒರೆಸಿ ಬಾಗಿಲ ಹಿಂದೆ ಸಿದ್ಧವಾಗಿ ಇಟ್ಟಿದ್ದ.

ವಸಂತದಲ್ಲಿ ನನ್ನ ಹೊಡೆತ ನನಗೇ ಗುರುತು ಸಿಗಲಿಲ್ಲ. ಹಿಂದೆಲ್ಲ ಹನ್ನೆರಡನೇ ಅಂಕಕ್ಕೆ ಸೋಲುತ್ತಿದ್ದ ಕಾಲು ಕೊನೆಯವರೆಗೂ ನಿಂತಿತು. ಒಂದರ ಮೇಲೊಂದು ಗೆದ್ದು ನಮ್ಮ ಕಣಿವೆಯ ಊರುಗಳ ನಡುವಿನ ಅಂತಿಮ ಪಂದ್ಯ ತಲುಪಿದೆ. ಅಪ್ಪ ಎರಡು ಸಲ ಆಡಿ ಎರಡು ಸಲವೂ ಸೋತಿದ್ದ ಪಂದ್ಯ ಅದು.

ಇಪ್ಪತ್ತೆರಡು ಅಂಕದ ಆಟ. ಹದಿನೆಂಟು ಹದಿನೆಂಟು ಆದಾಗ ಬಲಗೈ ಕೈಕೊಟ್ಟಿತು. ಊದಿ, ಕೆಂಪೇರಿ, ಬಡಿತ ಮೊಣಕೈವರೆಗೆ. ವಿರಾಮ ಕೇಳಿ ಬೆಂಚಿಗೆ ಬಂದೆ. ಅಪ್ಪ ಆಗಲೇ ನಿಂತಿದ್ದ, ಕಾಲಲ್ಲಿ ಅದೇ ಬೂಟು.

"ಕೈ ಇಡು ಕೆಳಗೆ."

ನಾಚಿಕೆಯಿಲ್ಲದೆ ಹೇಳುತ್ತೇನೆ, ಇಟ್ಟೆ. ಅಷ್ಟು ಪಾಠ ಕೇಳಿದ ಮೇಲೂ ಕೈ ತಾನಾಗಿ ನೆಲಕ್ಕೆ ಹೋಯಿತು. ಗೆಲ್ಲಬೇಕಿತ್ತು, ಅಪ್ಪನಿಗಾಗಿ ಗೆಲ್ಲಬೇಕಿತ್ತು. ಅವನು ಕಾಲೆತ್ತಿದ.

ಆಗ ಮೊದಲ ಸಾಲಿನಿಂದ ಬಿತ್ತೋರಿ ಎದ್ದು ಸೀದಾ ಅಂಕಣದೊಳಗೆ ಬಂದಳು. ಹೆಂಗಸರು ಆ ಗೆರೆ ದಾಟಿದ್ದನ್ನು ಊರು ಕಂಡಿರಲಿಲ್ಲ. ಸಿಳ್ಳೆ, ಕೂಗಾಟ. ಅವಳು ಅಪ್ಪನನ್ನು ತಡೆಯುತ್ತಾಳೆ ಎಂದುಕೊಂಡೆ. ತಡೆಯಲಿಲ್ಲ.

"ತುಳೀರಿ, ಇನಾಶಿಯೋ ಮಾವ. ನಾನ್ಯಾರು ಬೇಡ ಅನ್ನೋಕೆ? ಆದ್ರೆ ಮೊದ್ಲು ನಿಮ್ಮ ಬಲಗೈಲಿ ಇವನ ಕೈ ಗಟ್ಟಿಯಾಗಿ ಹಿಡ್ಕೊಳ್ಳಿ. ಒಂದೇ ಒಂದ್ಸಲ."

ಅಪ್ಪ ಬಗ್ಗಿದ. ತನ್ನ ಬಲಗೈಯನ್ನು ನನ್ನ ಕೈಮೇಲೆ ಇಟ್ಟ. ಬೆರಳುಗಳು ನನ್ನ ಕೈ ಸುತ್ತ ಬರಲಿಲ್ಲ. ಮತ್ತೆ ಪ್ರಯತ್ನಿಸಿದ, ತುಟಿ ಕಚ್ಚಿಕೊಂಡಿದ್ದ. ಹಲಗೆಯಂಥ ಕೈ ನನ್ನ ಕೈಮೇಲೆ ಸುಮ್ಮನೆ ಬಿದ್ದಿತ್ತು. ಹುಟ್ಟಿದಾಗಿನಿಂದ ನೋಡಿದ ಕೈ, ಅಂದೇ ನಾನು ಮೊದಲ ಸಲ ಕಂಡದ್ದು. ನನಗೆ ಅಳು ಬಂತು.

ಅಪ್ಪ ಎದ್ದು ಹೋಗಿ ಜನರ ನಡುವೆ ಕೂತ. ಉಳಿದ ಅಂಕಗಳನ್ನು ಎಡಗೈಯಲ್ಲೇ ಆಡಿದೆ. ಎರಡು ಗಳಿಸಿದೆ, ಆದರೂ ಸೋತೆ, ಇಪ್ಪತ್ತೆರಡು ಇಪ್ಪತ್ತು. ಊರು ಬಿತ್ತೋರಿಗೆ ಬೈದದ್ದೇ ಬೈದದ್ದು. "ಆ ಕಟುಕಿ ಬಾಯಿ ಹಾಕದಿದ್ರೆ ಗೆಲ್ತಿದ್ವಿ!" ಮುಂದೆ ನಾನು ಹದಿನಾಲ್ಕು ವರ್ಷ ಆಡಿದೆ, ಅದೇ ಪಂದ್ಯವನ್ನು ಮೂರು ಸಲ ಗೆದ್ದೆ. ಆಗ ಅದೇ ಬಾಯಿಗಳು ಅವಳನ್ನು ಹೊಗಳಿದವು ಬಿಡಿ.

ಆದರೆ ನನಗೆ ಮರೆಯಲಾಗದ್ದು ಸೋತ ಮಾರನೆಯ ದಿನ. ಸೋಮವಾರ, ಅಂಗಡಿ ಮುಚ್ಚಿತ್ತು, ಒಳಗೆ ನನ್ನ ಕೈ ಬಿಸಿನೀರಲ್ಲಿತ್ತು. ಯಾರೋ ಬಾಗಿಲು ಬಡಿದರು. ಅಪ್ಪ! ಜಗಳಕ್ಕೇ ಬಂದ ಎಂದುಕೊಂಡೆ. ಅವನು ನನ್ನತ್ತ ನೋಡಲೇ ಇಲ್ಲ. ಬಂದವನೇ ತನ್ನ ಬಲಗೈಯನ್ನು ಮಾಂಸ ಕತ್ತರಿಸುವ ಹಲಗೆಯ ಮೇಲಿಟ್ಟ.

"ನೋಡು" ಅಂದ.

ಬಿತ್ತೋರಿ ಮೊಣಕೈಯಿಂದ ಅಂಗೈವರೆಗೆ ಹೆಬ್ಬೆರಳಲ್ಲಿ ಒತ್ತುತ್ತಾ ಬಂದಳು.

"ಮೇಲೆಲ್ಲ ಚೆನ್ನಾಗಿದೆ ಮಾವ. ಹುರಿ ಅಂಗೈಲಿ ಅಂಟ್ಕೊಂಬಿಟ್ಟಿದೆ."

"ಬಿಡಿಸ್ತೀಯಾ?"

"ಇಲ್ಲ ಮಾವ, ಸುಳ್ಳು ಹೇಳಲ್ಲ. ನೀವು ಇಪ್ಪತ್ತರಲ್ಲಿ ಬಂದಿದ್ರೆ..."

"ಆಗ ನೀನಿನ್ನೂ ಹುಟ್ಟೇ ಇರ್ಲಿಲ್ವಲ್ಲೇ!"

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವಳು ಅವನ ಕೈ ಬಿಡಲಿಲ್ಲ, ಬಿಸಿನೀರಿಗೆ, ನನ್ನ ಕೈಯ ಪಕ್ಕಕ್ಕೆ ಇಳಿಸಿ ತಿಕ್ಕತೊಡಗಿದಳು.

"ಯಾರು ತುಳೀತಿದ್ದಿದ್ದು?" ಎಂದು ಮೆಲ್ಲಗೆ ಕೇಳಿದಳು.

"ನಮ್ಮಪ್ಪ" ಅಂದ ಅಪ್ಪ. "ಪಾಪ, ನಾನಂದ್ರೆ ಪ್ರಾಣ ಅವನಿಗೆ."